ಮುಂಗಾಲಿನ ಎಣ್ಣೆ

ಹೋದ ಮಾಗಿಯಲ್ಲಿ ಬಿಳಿಚೋಡು ಕಡೆಯ ಒಂದು ಹಳ್ಳಿಯಲ್ಲಿ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿ, ಕೈ ತೊಳೆದು ಬೈಕು ಹತ್ತುತ್ತಿದ್ದೆ. ಆ ಮನೆಯ ಅಜ್ಜ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೂಗಿದರು.

"ಡಾಕ್ಟ್ರೇ, ತಡೀರಿ. ನಿಮ್ಮ ಗಾಡಿ ಮುಂಗಾಲು ಕುಂಟ್ತೈತಲ್ರಿ."

ನಾನು ಡಾಕ್ಟರಲ್ಲ, ಪಶು ಆಸ್ಪತ್ರೆಯ ಪರೀಕ್ಷಕ. ಆದರೆ ಹಳ್ಳಿಯಲ್ಲಿ ದನ ಮುಟ್ಟುವವರೆಲ್ಲ ಡಾಕ್ಟ್ರೇ. ಟೈರು ಪಂಚರ್ ಆಗಿರಬೇಕೆಂದು ಬಗ್ಗಿ ನೋಡಿದೆ. ಗಾಳಿ ಸರಿಯಾಗಿತ್ತು.

"ಗಾಲಿ ಅಲ್ರೀ. ನೀವು ಬಂದು ಬ್ರೇಕ್ ಹಾಕಿದ್ರಲ್ಲ, ಗಾಡಿ ನಿಂತ ಮ್ಯಾಲೂ ಮೂರು ಸಲ ತಲಿ ಆಡಿಸ್ತು. ನಮ್ಮ ಎತ್ತು ಹಂಗ ಮಾಡಿದ್ರ ನೀವ ಕಾಲು ಹಿಡದು ನೋಡ್ತಿದ್ರಿ."

ಮುಂಗಾಲು ನೋಯುವ ದನ ನೋವಿನ ಕಾಲು ಊರುವಾಗ ತಲೆ ಎತ್ತುತ್ತದೆ, ಗಟ್ಟಿ ಕಾಲು ಊರುವಾಗ ಇಳಿಸುತ್ತದೆ. ಯಾವ ಕಾಲೆಂದು ರೈತ ಹೇಳದಿದ್ದರೂ ಹತ್ತು ಹೆಜ್ಜೆ ನಡೆಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಹದಿನಾರು ವರ್ಷದಿಂದ ಅದೇ ನನ್ನ ಕೆಲಸ. ಹನ್ನೊಂದು ವರ್ಷದಿಂದ ದಿನವೂ ಏರುವ ಗಾಡಿ ತಲೆಯಾಡಿಸುತ್ತಿದ್ದುದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತು ಆ ಮಾತು ದಾವಣಗೆರೆ ಮುಟ್ಟುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು. ಆನಗೋಡಿನ ಹತ್ತಿರ ಒಂದು ಹಂಪಿನ ಮುಂದೆ ಬೇಕೆಂದೇ ಬ್ರೇಕ್ ಹಿಡಿದೆ. ಹ್ಯಾಂಡಲ್ ಕೆಳಗೆ ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು, ಮತ್ತೆ ಎದ್ದಿತು. ಅಜ್ಜ ಹೇಳಿದ್ದು ನಿಜವಾಗಿತ್ತು.

ಎರಡು ವರ್ಷದಿಂದ ನನಗೆ ಬಲಗೈ ಮಣಿಕಟ್ಟಿನ ನೋವು. ಹೆಬ್ಬೆರಳಿನ ಬುಡದಿಂದ ಶುರುವಾಗಿ ಸಂಜೆಯ ಹೊತ್ತಿಗೆ ಮೊಣಕೈವರೆಗೆ ಹತ್ತುತ್ತಿತ್ತು. ಎಕ್ಸ್‌ರೇ ತೆಗೆಸಿದ್ದಾಯಿತು, ಮೂಳೆಯಲ್ಲಿ ಏನೂ ಇಲ್ಲ ಎಂದರು. ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡೆ. ಮನೆಯವಳು ರಾತ್ರಿ ಹರಳೆಣ್ಣೆ ಕಾಯಿಸಿ ತಿಕ್ಕಿ, ಉಪ್ಪಿನ ಗಂಟಿನ ಶಾಖ ಕೊಡುತ್ತಿದ್ದಳು. ಹ್ಯಾಂಡಲಿಗೆ ಸ್ಪಂಜಿನ ಗ್ರಿಪ್ಪು ಹಾಕಿಸಿದೆ. ಉಳಿದದ್ದನ್ನೆಲ್ಲ ರಸ್ತೆಯ ತಲೆಗೆ ಕಟ್ಟಿದೆ.

ರಸ್ತೆಯ ಪಾಲೂ ಇತ್ತೆನ್ನಿ. ಭದ್ರಾ ನಾಲೆಯ ಕೆಳಗಿನ ಊರುಗಳಲ್ಲಿ ಭತ್ತದ ನಾಟಿಯ ಕಾಲಕ್ಕೆ ಟ್ರ್ಯಾಕ್ಟರುಗಳು ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್‌ವೀಲ್ ಬಿಚ್ಚದೆ ರಸ್ತೆಗಿಳಿಯುತ್ತವೆ. ಡಾಂಬರಿನ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಗೀರು ಬಿದ್ದು, ಮಳೆ ಬಂದು, ಅದೇ ಗೀರು ಗುಂಡಿಯಾಗುತ್ತದೆ. ಜಗಳೂರು ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲು ಸಾಲಾಗಿಟ್ಟಿರುತ್ತಾರೆ. ಜೋಳ ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಇರುತ್ತವೆ. ಊರು ಬಾಗಿಲಿಗೊಂದು, ಶಾಲೆ ಮುಂದೊಂದು, ಗುಡಿ ಮುಂದೊಂದು ಹಂಪು. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರು ಇದರ ಮೇಲೆ ಓಡಾಡುವವನು ಕೈನೋವಿಗೆ ಬೇರೆ ಕಾರಣ ಹುಡುಕುವುದಿಲ್ಲ. ಆದರೆ ಇದೇ ರಸ್ತೆ, ಇದೇ ಗಾಡಿ ಮೊದಲ ಮೂರು ನಾಲ್ಕು ವರ್ಷವೂ ಇದ್ದವು, ಆಗ ನೋವಿರಲಿಲ್ಲ. ಇದನ್ನು ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಿನಕ್ಕೆ ಕೂದಲೆಳೆಯಷ್ಟು ಕೆಡುವ ವಸ್ತುವಿಗೆ ಮೈ ದಿನಕ್ಕೆ ಕೂದಲೆಳೆಯಷ್ಟು ಹೊಂದಿಕೊಂಡುಬಿಡುತ್ತದೆ. ತಿಂಗಳಿಗೊಮ್ಮೆ ಗಾಡಿ ನೋಡುವ ಅಜ್ಜನಿಗೆ ಕಂಡದ್ದು ದಿನಾ ಓಡಿಸುವ ನನಗೆ ಕಾಣದಿರಲು ಬೇರೆ ಕಾರಣ ನನಗೆ ತೋಚುತ್ತಿಲ್ಲ.

ಕೈಗಿಂತ ಹೆಚ್ಚಿನ ಚಿಂತೆ ಇನ್ನೊಂದಿತ್ತು, ನೈಟ್ರೋಜನ್ ಕ್ಯಾನು. ಮೂರು ಲೀಟರಿನ ಆ ಕ್ಯಾನನ್ನು ದಪ್ಪ ಬಟ್ಟೆಯ ಚೀಲದಲ್ಲಿಟ್ಟು, ಟ್ಯಾಂಕಿನ ಮೇಲೆ ಬೆಲ್ಟು ಬಿಗಿದು, ಹೊಟ್ಟೆಗೆ ಒತ್ತಿಕೊಂಡು ಒಯ್ಯುತ್ತೇನೆ. ಒಳಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್, ಅದರಲ್ಲಿ ಮುಳುಗಿರುವ ವೀರ್ಯದ ಸ್ಟ್ರಾಗಳು, ಒಂದೊಂದರಲ್ಲೂ ಕಾಲು ಎಂಎಲ್. ಕ್ಯಾನಿನ ಒಳಗಿನ ಪಾತ್ರೆ ಹೊರಗಿನ ಪಾತ್ರೆಗೆ ಕುತ್ತಿಗೆಯ ಹತ್ತಿರ ಮಾತ್ರ ಅಂಟಿಕೊಂಡು ನೇತಾಡುತ್ತಿರುತ್ತದೆ. ಎರಡರ ನಡುವೆ ಗಾಳಿ ತೆಗೆದ ಜಾಗ. ಹೊಡೆತ ಬಿದ್ದಷ್ಟೂ ಆ ಕುತ್ತಿಗೆಗೆ ಪೆಟ್ಟು. ಅಲ್ಲೊಂದು ಬಿರುಕು ಬಿಟ್ಟರೆ ಕ್ಯಾನಿನ ಹೊರಮೈ ಬೆವರಿ ಮಂಜು ಕಟ್ಟುತ್ತದೆ, ನೈಟ್ರೋಜನ್ ಆವಿಯಾಗಿ ಖಾಲಿಯಾಗುತ್ತದೆ, ಸ್ಟ್ರಾಗಳೆಲ್ಲ ಸತ್ತ ಹಾಗೆ. ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಆಗಬೇಕು. ತಪ್ಪಿದರೆ ರೈತ ಇನ್ನೂ ಇಪ್ಪತ್ತೊಂದು ದಿನ ಕಾಯಬೇಕು. ಹಾಲು ಕೊಡದ ಹಸುವಿಗೆ ಇಪ್ಪತ್ತೊಂದು ದಿನ ಮೇವು ಹಾಕುವುದೆಂದರೆ ಏನೆಂದು ಹಾಕಿದವರಿಗೇ ಗೊತ್ತು.

ಹಳೇ ಪಿ.ಬಿ. ರಸ್ತೆಯ ಬದಿಯ ಗಲ್ಲಿಯಲ್ಲಿ ಒಬ್ಬರು ಚಾಚಾ ಇದ್ದಾರೆ. ಬೋರ್ಡಿಲ್ಲದ ಗ್ಯಾರೇಜು, ಎರಡು ಗಾಡಿ ನಿಲ್ಲುವಷ್ಟು ಜಾಗ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದೆ. ಚಾಚಾ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಬಿಟ್ಟು ಒಮ್ಮೆ ಒತ್ತಿದರು, ಕೈ ಸಡಿಲ ಬಿಟ್ಟರು. ಎರಡನೇ ಸಲ ಒತ್ತಲಿಲ್ಲ.

"ಒತ್ತಿ ಬಿಟ್ರ ಒಂದು ಸಲ ಮ್ಯಾಲೆ ಬಂದು ಸುಮ್ನ ನಿಲ್ಲಬೇಕು. ಇದು ಉಯ್ಯಾಲೆ ಆಡ್ತೈತಿ. ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ರಿ?"

"ಹೋದ ತಿಂಗಳು ಚಾಚಾ."

"ಎಂಜಿನ್ದಲ್ರಿ ಡಾಕ್ಟ್ರೇ. ಶಾಕಬ್ಸರದು."

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ. ನಾನು ಸರ್ವೀಸಿಗೆ ಬಿಡುತ್ತಿದ್ದ ಜಾಗದಲ್ಲಿ ಬಿಲ್ಲಿನ ಮೇಲೆ ಎರಡು ಸಲ 'ಫೋರ್ಕ್ ಚೆಕ್' ಎಂದು ಬರೆದದ್ದು ನೆನಪಿದೆ. ಫೋರ್ಕ್ ಎಂದರೆ ಈ ಮುಂದಿನ ಶಾಕಬ್ಸರುಗಳೇ. ಏನು ಚೆಕ್ ಮಾಡಿದರೋ ಕಾಣೆ. ಎಂಜಿನ್ನಿಗೆ ಆಯಿಲ್ ಎಷ್ಟಿದೆ ಎಂದು ನೋಡಲು ಕಡ್ಡಿಯೋ ಗಾಜಿನ ಕಿಂಡಿಯೋ ಇರುತ್ತದೆ. ಮುಂದಿನ ಶಾಕಬ್ಸರಿಗೆ ಎರಡೂ ಇಲ್ಲ. ಕೆಟ್ಟರೆ ಎಂಜಿನ್ನಿನ ಹಾಗೆ ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ, ಗಾಡಿ ನಿಲ್ಲಿಸುವುದೂ ಇಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಕೆಲಸ ನಾನೇ ಮಾಡುತ್ತೇನೆ, ನೀವು ಪಕ್ಕದಲ್ಲಿ ನಿಂತು ಹೇಳಿ ಎಂದೆ. ಚಾಚಾ ಒಂದು ಕ್ಷಣ ಯೋಚಿಸಿ, ಪಾನಾಗಳ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು, ಮುಂದಿನ ಚಕ್ರ, ಬ್ರೇಕ್ ಕೇಬಲ್ಲು, ಮಡ್‌ಗಾರ್ಡು ಬಿಚ್ಚಿದೆ. ಇಷ್ಟು ಯಾರಾದರೂ ಮಾಡಬಹುದು. ಮುಂದಿನದರಲ್ಲಿ ಎರಡು ಸೂಕ್ಷ್ಮ ಇವೆ, ಎರಡನ್ನೂ ಚಾಚಾ ಮೊದಲೇ ಹೇಳಿದರು. ಶಾಕಬ್ಸರಿನ ಒಂದೊಂದು ಕಾಲಿನ ತಳದಲ್ಲೂ ಒಂದು ಎಲನ್ ಬೋಲ್ಟು ಇರುತ್ತದೆ. ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರಿನ ಸೀಲ್ ಬದಲಿಸಬೇಕಾದರೆ ಅದನ್ನು ಬಿಚ್ಚಲೇಬೇಕು. ಮೇಲಿನ ಮುಚ್ಚಳ ತೆಗೆದು ಸ್ಪ್ರಿಂಗು ಹೊರಗೆ ಬಂದಮೇಲೆ ಅದನ್ನು ತಿರುಗಿಸಲು ಹೋದರೆ ಒಳಗಿನ ಸಣ್ಣ ಪೈಪೂ ಜೊತೆಗೇ ಗಿರಗಿರ ತಿರುಗುತ್ತದೆ, ಬೋಲ್ಟು ಬರುವುದೇ ಇಲ್ಲ. ಸ್ಪ್ರಿಂಗು ಒಳಗಿದ್ದಾಗಲೇ ಸಡಿಲಿಸಿದರೆ ಸ್ಪ್ರಿಂಗಿನ ಒತ್ತಡವೇ ಆ ಪೈಪನ್ನು ಹಿಡಿದುಕೊಂಡಿರುತ್ತದೆ. ಇನ್ನೊಂದು, ಮೇಲಿನ ಮುಚ್ಚಳವನ್ನು ಕಾಲು ಇನ್ನೂ ಹ್ಯಾಂಡಲ್ ಕೆಳಗಿನ ಹಿಡಿಕೆಯಲ್ಲಿ, ಅಂದರೆ ಟಿಯಲ್ಲಿ, ಬಿಗಿಯಾಗಿದ್ದಾಗಲೇ ಸಡಿಲಿಸಿಕೊಳ್ಳಬೇಕು, ಹೊರಗೆ ತೆಗೆದಮೇಲೆ ಹಿಡಿದು ತಿರುಗಿಸಲು ಆಸರೆ ಸಿಗುವುದಿಲ್ಲ. ಕೊನೆಯ ಎರಡು ಸುತ್ತು ಬಿಚ್ಚುವಾಗ ಅಂಗೈಯಿಂದ ಒತ್ತಿ ಹಿಡಿದು, ಮುಖ ಪಕ್ಕಕ್ಕಿಟ್ಟುಕೊಳ್ಳಬೇಕು. ಅದರ ಕೆಳಗೆ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತದೆ, ಕೈ ಬಿಟ್ಟರೆ ಮುಚ್ಚಳ ಹಾರಿ ಕಣ್ಣಿಗೇ ಬರಬಹುದು. ನನ್ನ ಅಂಗೈಯಲ್ಲಿ ಆ ಒತ್ತಡ ಎದ್ದು ಬಂದದ್ದು ಇನ್ನೂ ನೆನಪಿದೆ.

ಬಲಗಾಲನ್ನು ಹಳೇ ಬಕೆಟ್ಟಿನ ಮೇಲೆ ತಲೆಕೆಳಗು ಮಾಡಿ ಹಿಡಿದೆ. ಮೊದಲು ಏನೂ ಬರಲಿಲ್ಲ. ಒಂದೆರಡು ಸಲ ಎಳೆದು ಒತ್ತಿದಾಗ ಬಂತು. ಎಣ್ಣೆ ಎಂದು ಕರೆಯಲು ಮನಸ್ಸು ಬರಲಿಲ್ಲ. ಮಳೆಗಾಲದ ಚರಂಡಿಯ ಬಣ್ಣ, ಹಳಸಿದ ಮೀನೆಣ್ಣೆಯಂಥ ವಾಸನೆ. ಬೆರಳ ತುದಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಕುಂಕುಮದ ಹರಳಿನಷ್ಟು ಸಣ್ಣ ಲೋಹದ ಚೂರುಗಳು ಮಿನುಗುತ್ತಿದ್ದವು. ಹೆಬ್ಬೆರಳಿನಿಂದ ಉಜ್ಜಿದರೆ ಜಿಡ್ಡಿಗಿಂತ ನೀರಿನ ತೆಳುವೇ ಹೆಚ್ಚು.

"ಇದು ಆಯಿಲ್ ಅಲ್ಲ, ರೊಜ್ಜು," ಎಂದರು ಚಾಚಾ. ಎಡಗಾಲಿನಿಂದ ಬಂದದ್ದು ಬಲಗಾಲಿನ ಅರ್ಧದಷ್ಟೂ ಇರಲಿಲ್ಲ. ಅಲ್ಲಿ ಆಯಿಲ್ ಸೀಲಿನ ತುಟಿ ಹರಿದು, ಎಣ್ಣೆ ಸ್ವಲ್ಪ ಸ್ವಲ್ಪವೇ ಪೈಪಿನ ಮೇಲೆ ಜಿನುಗಿ ಧೂಳಿನ ಜೊತೆ ಗಟ್ಟಿಯಾಗಿತ್ತು. ಆ ಕಪ್ಪು ಉಂಗುರವನ್ನು ನಾನು ಗಾಡಿ ತೊಳೆಯುವಾಗಲೆಲ್ಲ ಗ್ರೀಸೆಂದು ಒರೆಸುತ್ತಿದ್ದೆ. ಡಿಸ್ಕ್ ಬ್ರೇಕಿನ ಗಾಡಿಯಾಗಿದ್ದರೆ ಅದೇ ಎಣ್ಣೆ ಡಿಸ್ಕಿನ ಮೇಲಿಳಿದು, ಬ್ರೇಕ್ ಹಿಡಿಯದೆ ಎಲ್ಲೋ ಒಂದು ಕಡೆ ಬೀಳುತ್ತಿದ್ದೆ.

ಒಳಗಿನ ಭಾಗಗಳನ್ನು ಚಾಚಾ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಇಷ್ಟೇನಾ ಎನಿಸಿತು. ಒಂದು ಉದ್ದ ಸ್ಪ್ರಿಂಗು, ಪಕ್ಕದಲ್ಲಿ ತೂತುಗಳಿರುವ ಒಂದು ಸಣ್ಣ ಪೈಪು, ಒಂದರೊಳಗೊಂದು ಜಾರುವ ಎರಡು ದೊಡ್ಡ ಪೈಪು, ಒಂದು ಸೀಲು. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಂದೇ ಗುಣ, ತನ್ನ ಮೇಲೆ ಬಿದ್ದ ಹೊಡೆತವನ್ನು ಇಟ್ಟುಕೊಂಡು ಹಾಗೇ ಹಿಂದಕ್ಕೆ ಕೊಡುವುದು. ಒಬ್ಬಂಟಿಯಾಗಿ ಬಿಟ್ಟರೆ ಒಂದು ಗುಂಡಿಗೆ ಹತ್ತು ಸಲ ಕುಣಿಯುತ್ತದೆ. ಕಾಲು ಕುಗ್ಗುವಾಗ, ಹಿಗ್ಗುವಾಗ ಎಣ್ಣೆ ಆ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು. ಸಲೀಸಾಗಿ ಹೋಗಲಾರದು. ಆ ಒದ್ದಾಟದಲ್ಲಿ ಹೊಡೆತದ ಬಲ ಶಾಖವಾಗಿ ಕರಗುತ್ತದೆ. ದೂರ ಹೋಗಿ ಬಂದಮೇಲೆ ಶಾಕಬ್ಸರ್ ಮುಟ್ಟಿದರೆ ಬೆಚ್ಚಗಿರುವುದು ಬರೀ ಬಿಸಿಲಿನಿಂದ ಅಲ್ಲ. ಗುಂಡಿಗಳ ಪೆಟ್ಟೂ ಅಲ್ಲಿ ಶಾಖವಾಗಿರುತ್ತದೆ. ಎಣ್ಣೆ ತೆಳುವಾದರೆ ತೂತಿನಲ್ಲಿ ನೀರಿನ ಹಾಗೆ ದಾಟಿಬಿಡುತ್ತದೆ, ಕರಗದ ಪೆಟ್ಟು ಹ್ಯಾಂಡಲಿಗೆ ಏರುತ್ತದೆ. ಅಲ್ಲಿಂದ ಮುಂದೆ ನನ್ನ ಮಣಿಕಟ್ಟು.

ಒಳಗೆ ಎಣ್ಣೆ ತುಂಬಿದ ಇಂಥ ಕಾಲನ್ನು ಮಾರಾಟದ ಬೈಕಿಗೆ ಮೊದಲು ತಂದದ್ದು ಬಿಎಂಡಬ್ಲ್ಯು, 1935ರ ಆರ್12 ಮಾದರಿಯಲ್ಲಿ. ಜಗತ್ತಿನ ಬೈಕುಗಳಲ್ಲಿ ಆಮೇಲೆ ಏನೇನೋ ಬದಲಾಯಿತು. ನಮ್ಮ ಸಂತೆ, ಶಾಲೆ, ಡೈರಿಗೆ ಓಡಾಡುವ ಗಾಡಿಗಳ ಮುಂಗಾಲಿನೊಳಗೆ ಮಾತ್ರ ಅದೇ ಉಪಾಯ ಇದೆ. ಒಂದು ತೂತು, ಅದರಲ್ಲಿ ನುಗ್ಗುವ ಎಣ್ಣೆ. ನನಗೆ ಇದು ಬಹಳ ಹಿಡಿಸಿತು. ಹಸುವಿನ ಕೀಲಿನಲ್ಲೂ ಒಂದೆರಡು ಚಮಚ ನೀರಿರುತ್ತದೆ, ಅದು ಬತ್ತಿದರೆ ಎಷ್ಟು ಗಟ್ಟಿ ಮೂಳೆಯಿದ್ದರೂ ಹಸು ಏಳುವುದಿಲ್ಲ.

ಹೊಸ ಎಣ್ಣೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಎಂಜಿನ್ ಆಯಿಲ್ ಉಳಿದಿದ್ದರೆ ಅದನ್ನೇ ಶಾಕಬ್ಸರಿಗೆ ಸುರಿಯುವ ರೂಢಿ ನಮ್ಮ ಕಡೆ ಇದೆ. ಬೇಡ. ಫೋರ್ಕ್ ಆಯಿಲ್ ಬೇರೆಯೇ ಸಿಗುತ್ತದೆ, ಕುಲುಕಿದರೂ ನೊರೆ ಕಟ್ಟದ ಹಾಗೆ ಮಾಡಿರುತ್ತಾರೆ. ನೊರೆ ಬಂದರೆ ತೂತಿನಲ್ಲಿ ಹೋಗುವುದು ಎಣ್ಣೆಯಲ್ಲ, ಗಾಳಿ. 10 ಡಬ್ಲ್ಯು, 15 ಡಬ್ಲ್ಯು, 20 ಡಬ್ಲ್ಯು ಎಂದು ಬಾಟಲಿಯ ಮೇಲಿರುತ್ತದೆ, ಸಂಖ್ಯೆ ಏರಿದಷ್ಟೂ ಮಂದ. ಒಂದು ಕಂಪನಿಯ 10 ಇನ್ನೊಂದು ಕಂಪನಿಯ 10ಕ್ಕೆ ಸರಿಯಾಗಿ ಹೊಂದಬೇಕೆಂದಿಲ್ಲ, ಹಾಗಾಗಿ ಅರ್ಧ ಇದು ಅರ್ಧ ಅದು ಬೆರೆಸಬಾರದು. ಭಾರ ಹೊರುವ ಗಾಡಿ, ಮಂದದ್ದೇ ಹಾಕಿಬಿಡೋಣ ಎಂದು ನಾನು ಅಂದೆ. ಚಾಚಾ ಒಪ್ಪಲಿಲ್ಲ. ಅತಿ ಮಂದವಾದರೆ ಗುಂಡಿಯಿಂದ ಗುಂಡಿಗೆ ಕಾಲು ಹಿಗ್ಗಲು ಪುರುಸೊತ್ತೇ ಸಿಗದೆ ಕುಗ್ಗಿಕೊಂಡೇ ಓಡುತ್ತದೆ, ಆಗ ಹೊಡೆತ ಇನ್ನೂ ಜಾಸ್ತಿ. ಮ್ಯಾನುಯಲ್ಲಿನಲ್ಲಿ ಬರೆದದ್ದನ್ನೇ ಹಾಕಿದೆವು. ನೂರು, ನೂರಿಪ್ಪತ್ತೈದು ಸಿಸಿ ಗಾಡಿಗಳಿಗೆ ಹೆಚ್ಚಾಗಿ ಕಾಲಿಗೆ 150ರಿಂದ 200 ಎಂಎಲ್ ಒಳಗೇ ಬೇಕಾಗುವುದು. ಗಾಡಿ ಗಾಡಿಗೆ ಬೇರೆ ಬೇರೆ, ಅಂದಾಜಿನ ಮೇಲೆ ಹಾಕಬಾರದು. ಎಲ್ಲ ಬಿಚ್ಚಿ ಒಣಗಿಸಿದ ಕಾಲಿಗೂ ಬರೀ ಬಗ್ಗಿಸಿ ಸುರಿದ ಕಾಲಿಗೂ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಿದೆ, ಹಳೇದು ಒಳಗೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ.

ಎಡಗಾಲಿನ ಸೀಲನ್ನು ಚಾಚಾ ತಾವೇ ಬದಲಿಸಿದರು, ಅದು ಕಲಿತ ಕೈಯ ಕೆಲಸ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಪೈಪಿನ ಅಂಚು ತಾಗದ ಹಾಗೆ ತೆಳು ಪ್ಲಾಸ್ಟಿಕ್ಕು ಮುಚ್ಚಿ ಇಳಿಸಿದರು. ಬಲಗಾಲಿನ ಸೀಲು ಹರಿದಿರಲಿಲ್ಲ, ತುಟಿಯ ಸಂದಿಯಲ್ಲಿ ಮರಳು ಸಿಕ್ಕಿಕೊಂಡು ಒಂದಿಷ್ಟು ಜಿನುಗುತ್ತಿತ್ತು ಅಷ್ಟೆ. "ಹಳೇ ಎಕ್ಸ್‌ರೇ ಫಿಲ್ಮ್ ಇದ್ರ ತರ್ರಿ, ಅದರಿಂದ ಕ್ಲೀನ್ ಮಾಡಬಹುದು," ಎಂದರು. ಮನೆ ಹತ್ತಿರವೇ. ಹೋಗಿ ತಂದೆ.

ನನ್ನದೇ ಮಣಿಕಟ್ಟಿನ ಎಕ್ಸ್‌ರೇ. ಬಿಸಿಲಿಗೆ ಹಿಡಿದು ಒಮ್ಮೆ ನೋಡಿದೆ. ಎಂಟು ಸಣ್ಣ ಮೂಳೆಗಳು ಅಚ್ಚುಕಟ್ಟಾಗಿ, ಬೆಣಚು ಕಲ್ಲು ಜೋಡಿಸಿಟ್ಟ ಹಾಗಿದ್ದವು. ಅದರಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ತುದಿಯಲ್ಲಿ ಕೊಕ್ಕೆಯ ಹಾಗೆ ಒಂದು ಗಿಡ್ಡ ಕಚ್ಚು ಮಾಡಿ, ಡಸ್ಟ್ ಕವರು ಮೇಲೆತ್ತಿ, ಸೀಲು ಮತ್ತು ಪೈಪಿನ ನಡುವೆ ತೂರಿಸಿ ನಿಧಾನಕ್ಕೆ ಸುತ್ತಲೂ ತಿರುಗಿಸಿದೆ. ಫಿಲ್ಮು ಗಟ್ಟಿಯೂ ಹೌದು, ಮೆತ್ತಗೂ ಹೌದು, ಸೀಲನ್ನು ಗೀರುವುದಿಲ್ಲ. ಹೊರಗೆಳೆದಾಗ ಕೊಕ್ಕೆಯಲ್ಲಿ ಕೆಂಪು ಮಣ್ಣಿನ ಮೂರು ನಾಲ್ಕು ಕಾಳು ಅಂಟಿಕೊಂಡು ಬಂದವು. ಜಗಳೂರು ಕಡೆಯ ಮಣ್ಣು. ನಾಲ್ಕು ಸಲ ಹಾಗೆ ಮಾಡಿ, ಒರೆಸಿ, ಮತ್ತೆ ಮಾಡಿದೆ. ಆ ಕಾಲು ಇವತ್ತಿನವರೆಗೂ ಜಿನುಗಿಲ್ಲ.

ಎಣ್ಣೆ ಅಳೆಯುವಾಗ ಮಾತ್ರ ಚಾಚಾ ನನ್ನನ್ನು ನೋಡುತ್ತ ನಿಂತರು. ಅದು ನನ್ನ ಕಸುಬು. ಐವತ್ತು ಎಂಎಲ್‌ನ ಹೊಸ ಸಿರಿಂಜಿನಲ್ಲಿ ಎಣ್ಣೆ ಎಳೆದು, ಗುಳ್ಳೆ ಹೊರಗೆ ಬಿಟ್ಟು, ಗೀಟಿಗೆ ಗೀಟು ಸೇರಿಸಿ ಎರಡೂ ಕಾಲಿಗೆ ಒಂದೇ ಅಳತೆ ಹಾಕಿದೆ. ಪೈಪನ್ನು ಹತ್ತು ಸಲ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಬಿತ್ತು. ಕಾಲನ್ನು ನೆಟ್ಟಗೆ ಗೋಡೆಗೆ ಒರಗಿಸಿ, ನಾವಿಬ್ಬರೂ ಚಾ ಕುಡಿದೆವು. ಗುಳ್ಳೆ ಪೂರ್ತಿ ಏರಲು ಅಷ್ಟು ಹೊತ್ತು ಬೇಕು, ಅವಸರ ಮಾಡಿದರೆ ಅಳತೆ ಸುಳ್ಳಾಗುತ್ತದೆ. ಆಮೇಲೆ ಸ್ಪ್ರಿಂಗು ಹಾಕುವ ಮುಂಚೆ, ಪೈಪು ಪೂರ್ತಿ ಕೆಳಗಿಳಿಸಿ, ಮೇಲಿನ ಅಂಚಿನಿಂದ ಎಣ್ಣೆಯ ಮಟ್ಟದವರೆಗೆ ಎಷ್ಟು ಖಾಲಿ ಇದೆಯೆಂದು ನೋಡಿದೆವು. ಸಲೈನ್ ನಳಿಗೆಯ ಒಂದು ತುಂಡಿಗೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತಿನವರೆಗೆ ಒಳಗಿಳಿಸಿ ಸಿರಿಂಜಿನಿಂದ ಎಳೆದೆ. ಬಲಗಾಲಿನಲ್ಲಿ ಹೆಚ್ಚಿದ್ದ ಒಂದೆರಡು ಎಂಎಲ್ ಬಂತು, ಆಮೇಲೆ ಬರೀ ಗಾಳಿ. ಎರಡೂ ಸಮ. ಆ ಖಾಲಿ ಜಾಗದ ಗಾಳಿಯೂ ಕಾಲು ಪೂರ್ತಿ ಕುಗ್ಗಿದಾಗ ಸ್ಪ್ರಿಂಗಿನ ಹಾಗೆ ಎದುರು ಒತ್ತುತ್ತದಂತೆ, ಅದಕ್ಕೇ ಎಣ್ಣೆ ಹೆಚ್ಚು ಹಾಕಿದರೂ ಕಷ್ಟ, ಸೀಲು ಕಿತ್ತುಬರುತ್ತದೆ.

"ನಲವತ್ತು ವರ್ಷ ಆತು, ನಾನು ಡಬ್ಬಿ ಮುಚ್ಚಳದಾಗ ಅಳಿತೀನಿ," ಎಂದು ಚಾಚಾ ನಳಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದನ್ನ ಬಿಟ್ಟು ಹೋಗ್ರಿ." ಸಿರಿಂಜನ್ನೂ ಕೊಟ್ಟು ಬಂದೆ.

ಜೋಡಿಸುವುದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಚಕ್ರ ಕೂರಿಸಿದಮೇಲೆ ಅಚ್ಚಿನ ನಟ್ಟನ್ನು ಕೂಡಲೇ ಪೂರ್ತಿ ಬಿಗಿಯದೆ, ಗಾಡಿ ಕೆಳಗಿಳಿಸಿ ಮುಂದಿನ ಭಾಗ ನಾಲ್ಕು ಸಲ ಒತ್ತಿ, ಎರಡು ಕಾಲೂ ತಮ್ಮ ಜಾಗದಲ್ಲಿ ನೆಟ್ಟಗೆ ಕೂತಮೇಲೆ ಬಿಗಿದೆವು. ರೊಜ್ಜನ್ನು ಚಾಚಾ ಚರಂಡಿಗೆ ಚೆಲ್ಲಲಿಲ್ಲ, ಹಳೇ ಎಂಜಿನ್ ಆಯಿಲಿನ ಡಬ್ಬಕ್ಕೆ ಸುರಿದಿಟ್ಟರು, ತೆಗೆದುಕೊಂಡು ಹೋಗುವವರು ಬರುತ್ತಾರೆ. ನೆಲಕ್ಕೆ ಚೆಲ್ಲಿದ್ದನ್ನು ಬನಿಯನ್ ಬಟ್ಟೆಯ ವೇಸ್ಟಿನಿಂದ ಒರೆಸುತ್ತ, "ಮೊದ್ಲು ನಮ್ಮ ಮಿಲ್ಲಿನ ಕಾಟನ್ ವೇಸ್ಟೇ ಸಿಗ್ತಿತ್ತು, ಎಣ್ಣಿ ಹಂಗ ಕುಡಿತಿತ್ತು ಅದು," ಎಂದರು. ಮಿಲ್ಲುಗಳು ಮುಚ್ಚಿದ ಊರಲ್ಲಿ ಇಂಥ ಮಾತು ಎಲ್ಲಿಂದಲೋ ಬಂದು ತಾಗುತ್ತದೆ.

ಆಯಿಲು, ಒಂದು ಸೀಲು, ಚಾಚಾ ಕೇಳಿದ ಕೂಲಿ ಎಲ್ಲ ಸೇರಿ ಒಂದು ಫುಲ್ ಟ್ಯಾಂಕ್ ಪೆಟ್ರೋಲಿನಷ್ಟೂ ಆಗಲಿಲ್ಲ. ಮಣಿಕಟ್ಟಿಗೆ ಎರಡು ವರ್ಷದಲ್ಲಿ ಸುರಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುದಿನ ಮಾಯಕೊಂಡದ ಕಡೆ ಹೋಗಬೇಕಿತ್ತು. ತೋಳಹುಣಸೆ ದಾಟಿದಮೇಲೆ ಎಂದಿನ ಗುಂಡಿಗಳು ಶುರುವಾದವು. ಮೊದಲ ಗುಂಡಿಗೆ ಅಭ್ಯಾಸಬಲದಿಂದ ಹಲ್ಲು ಕಚ್ಚಿ, ಕೈ ಬಿಗಿ ಮಾಡಿಕೊಂಡೆ. ಚಕ್ರ ಇಳಿಯಿತು, ಎದ್ದಿತು, ಮುಗಿಯಿತು. ಟ್ಯಾಂಕಿನ ಮೇಲಿನ ಕ್ಯಾನಿನ ಮುಚ್ಚಳ ಯಾವಾಗಲೂ ಕಟಕಟ ಎನ್ನುತ್ತಿದ್ದದ್ದು ಎನ್ನಲಿಲ್ಲ. ಕೊಡಗನೂರು ಹತ್ತಿರ ಬರುವ ಹೊತ್ತಿಗೆ ಬೆರಳುಗಳು ತಾವಾಗಿಯೇ ಸಡಿಲವಾಗಿದ್ದವು. ಗಾಡಿಯನ್ನು ನಾನು ಎಷ್ಟು ಗಟ್ಟಿಯಾಗಿ ಅದುಮಿ ಹಿಡಿಯುತ್ತಿದ್ದೆ ಎಂದು ಗೊತ್ತಾದದ್ದೇ ಆಗ. ನೋವು ಒಂದೇ ದಿನಕ್ಕೆ ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸಂಜೆಯ ಸೆಳೆತ ನಿಂತಿತು. ಈಗಲೂ ಇಡೀ ದಿನ ಲಸಿಕೆ ಹಾಕಿದ ದಿನ ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಇಣುಕುತ್ತದೆ.

ಬಿಳಿಚೋಡು ಕಡೆಗೆ ಮತ್ತೆ ಹೋದದ್ದು ಹಸುವಿನ ಗಬ್ಬ ನೋಡಲು. ಅಜ್ಜನ ಮನೆಯಂಗಳದಲ್ಲಿ ಬ್ರೇಕ್ ಹಿಡಿದು ನಿಲ್ಲಿಸಿದೆ. ಅಜ್ಜ ಗಾಡಿಯನ್ನು ನೋಡಲಿಲ್ಲ, ಅವರ ಕಣ್ಣೆಲ್ಲ ಹಸುವಿನ ಮೇಲೆ. ಕೈ ಹಾಕಿ ನೋಡಿ, ನಿಂತಿದೆ ಅಜ್ಜಾ, ಮೂರು ತಿಂಗಳು ಎಂದೆ. ಒಳಗೆ ಕೂಗಿ ಬೆಲ್ಲ ತರಿಸಿದರು.

ಹಸುವಿನ ಕಾರ್ಡಿನಲ್ಲಿ ತಾರೀಖು ಬರೆಯುವ ಹಾಗೆ, ಗಾಡಿಯ ಸೀಟಿನ ಕೆಳಗೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ಅವತ್ತಿನ ಕಿಲೋಮೀಟರು ಬರೆದಿಟ್ಟಿದ್ದೇನೆ. ಇನ್ನು ಮೇಲೆ ಇಪ್ಪತ್ತು ಸಾವಿರಕ್ಕೊಮ್ಮೆ ಎಂದು ನಾನೇ ಗೊತ್ತು ಮಾಡಿಕೊಂಡಿರುವುದು. ಮೊನ್ನೆ ಸೀಟು ಎತ್ತಿದಾಗ ಅಕ್ಷರ ಸ್ವಲ್ಪ ಮಾಸಿತ್ತು, ಪೆನ್ನು ತೆಗೆದು ಮೇಲಿಂದ ಇನ್ನೊಮ್ಮೆ ತಿದ್ದಿದೆ.